ಇಗರ್ಜಿಯಂಗಳದ ಕನ್ನಡ ಶಾಲೆಯೂ ಅದರ ಸಾಂವತ್ಸರಿಕ ಉತ್ಸವವೂ

ವಿದ್ಯೆಗೆ ಆರಂಭವಿರುವಂತೆ ವಿರಾಮವೂ ಇರತಕ್ಕದ್ದೆಂಬುದು ಪ್ರಾಚೀನರ ಮತವು. ಗೃಹ್ಯಸೂತ್ರಕಾರರು ಶ್ರಾವಣಮಾಸದಲ್ಲಿ ಉಪಾಕರ್ಮವನ್ನೂ, ಪುಷ್ಯದಲ್ಲಾಗಲಿ ಮಾಘದಲ್ಲಾಗಲಿ ಉತ್ಸರ್ಜನವನ್ನೂ ವಿಧಿಸಿ, ವೇದಾಧ್ಯಯನದ ವರ್ಷಕ್ಕೆ ಎರಡು ಎಲ್ಲೆಗಳನ್ನು ಹಾಕಿದರು. ಗುರುಕುಲವನ್ನು ಬಿಟ್ಟು ಮನೆಗೆ ಮರಳುವ ವಟುವಿಗೆ ಸಮಾವರ್ತನವೆಂಬ ಸಂಸ್ಕಾರವೂ ಆಗ ಹೇಳಬೇಕಾದ ಹಿತವಚನವೂ ವಿಹಿತವಾಗಿವೆ. ಕಲಿತವನನ್ನು ಊರಿನ ಮುಂದೆ ನಿಲ್ಲಿಸಿ 'ಇವನು ಇಷ್ಟನ್ನು ಕಲಿತನು' ಎಂದು ತೋರಿಸದ ಹೊರತು ಗುರುವಿಗೂ ತೃಪ್ತಿಯಿಲ್ಲ, ಊರಿಗೂ ಸಮಾಧಾನವಿಲ್ಲ. ಕಾಲಾಂತರದಲ್ಲಿ ವಿದ್ಯೆಯ ಸ್ವರೂಪವು ಬದಲಾದರೂ ಈ ಆಶೆಯು ಬದಲಾಗಲಿಲ್ಲ. ಪಡುವಣ ಕರಾವಳಿಯ ರೋಮನ್ ಕಥೊಲಿಕ ಇಗರ್ಜಿಗಳ ಅಂಗಳಗಳಲ್ಲಿ ಬೆಳೆದ ಕನ್ನಡ ಪ್ರಾಥಮಿಕ ಶಾಲೆಗಳ ಸಾಂವತ್ಸರಿಕ ಉತ್ಸವವನ್ನು ಕಂಡವರಿಗೆ ಇದು ಸ್ಪಷ್ಟವಾಗಿ ತೋರುವುದು. ಆ ಉತ್ಸವದ ಚರಿತ್ರೆಯೆಂದರೆ ಒಂದು ಮತದವರ ಚರಿತ್ರೆ ಮಾತ್ರವಲ್ಲ. ಅದು ನೆರೆಹೊರೆಯ ಚರಿತ್ರೆಯು.

ಉಡುಪಿಯ ದಕ್ಷಿಣಕ್ಕೆ, ಕಡಲಿಗೂ ಹೊಳೆಗೂ ನಡುವೆ ಮಲಗಿರುವ ಮಟ್ಟು ಎಂಬ ಗ್ರಾಮವನ್ನು ವಾಚಕರು ಬಲ್ಲರು. ಸೋದೆ ಮಠದ ಶ್ರೀ ವಾದಿರಾಜರು ಬೀಜವನ್ನು ಅನುಗ್ರಹಿಸಿದರೆಂದು ಪ್ರತೀತಿಯಿರುವ ಗುಳ್ಳಬದನೆಯು ಆ ಮರಳುಮಣ್ಣಿನ ಬೆಳೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಅಲ್ಲಿಂದ ಪೂರ್ವಕ್ಕೆ ಕಟಪಾಡಿಯನ್ನು ದಾಟಿ ಶಂಕರಪುರ, ಶಿರ್ವಗಳ ಕಡೆಗೆ ನಡೆದರೆ ಮಲ್ಲಿಗೆಯ ತೋಟಗಳು ಎದುರಾಗುವುವು. ಆ ಮಲ್ಲಿಗೆಯನ್ನು ಬೆಳೆಯುವವರಲ್ಲಿ ಕಥೊಲಿಕ ಕುಟುಂಬಗಳು ಹಲವು. ಈ ನಾಲ್ಕೈದು ಹರದಾರಿಗಳೊಳಗೆ ಒಂದು ಮಗುವು ಮನೆಯಲ್ಲಿ ಕೊಂಕಣಿಯನ್ನೂ, ಗದ್ದೆಯ ಬದುವಿನಲ್ಲಿ ತುಳುವನ್ನೂ, ಶಾಲೆಯ ಬೆಂಚಿನ ಮೇಲೆ ಕನ್ನಡವನ್ನೂ ಆಡುತ್ತ ಬೆಳೆಯುವುದು. ಬೆಂಚಿನ ಮೇಲಿನ ಆ ಮೂರನೆಯ ಭಾಷೆಯನ್ನು ಅಲ್ಲಿಗೆ ತಂದವರಾರು, ಅದು ಹೇಗೆ ಊರಿದ್ದೆಂಬುದೇ ಇಲ್ಲಿನ ವಿಷಯವು.

ಕನ್ನಡ ಕರಾವಳಿಯಲ್ಲಿ ಕಥೊಲಿಕರ ನೆಲೆಯು ಹಳೆಯದು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯು 1678ರಲ್ಲಿ, ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದಲ್ಲಿ, ಸ್ಥಾಪಿತವಾಯಿತು. 1681ರಲ್ಲಿ ಗೋವೆಯಿಂದ ಬಂದ ಪಾದ್ರಿ ಜೋಸೆಫ್ ವಾಜರು ಮಂಗಳೂರಿನಿಂದ ಗಂಗೊಳ್ಳಿಯವರೆಗೆ ಸಂಚರಿಸಿ, ಗುರುಗಳಿಲ್ಲದೆ ಚದರಿಹೋಗಿದ್ದ ಜನರನ್ನು ಒಟ್ಟುಗೂಡಿಸಿದರು. ಅವರಿಗೆ 2015ರಲ್ಲಿ ಸಂತಪದವಿಯು ಲಭಿಸಿತು. 1784ರಲ್ಲಿ ಟೀಪು ಸುಲ್ತಾನನು ಕರಾವಳಿಯ ಕಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು, ಇಗರ್ಜಿಗಳು ನೆಲಸಮವಾದುವು. 1799ರಲ್ಲಿ ಸುಲ್ತಾನನು ಮಡಿದ ಮೇಲೆ ಬದುಕಿ ಉಳಿದವರು ಹಿಂದಿರುಗಿ ಬಂದರು. ಹದಿನೈದು ವರ್ಷಗಳ ಸೆರೆಯಿಂದ ಮರಳಿದವರಿಗೆ ಮೊದಲು ಬೇಕಾದುದು ಭೂಮಿ; ಆ ಮೇಲೆ ಇಗರ್ಜಿ; ಶಾಲೆಯು ಅನಂತರದ್ದು. ಆದುದರಿಂದ ಈ ಶಾಲೆಗಳ ನಿಜವಾದ ಕಥೆಯು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆರಂಭವಾಗುವುದು.

ಆ ಕಾಲದಲ್ಲಿ ಜಿಲ್ಲೆಯ ವಿದ್ಯಾಸ್ಥಿತಿ ಹೇಗಿದ್ದಿತು? ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಪ್ರತಿಯೊಂದು ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಕೇಳಿದಾಗ ಕೆನರಾದ ಕಲೆಕ್ಟರನು ಅಂಕಿಗಳನ್ನೇ ಕಳುಹಲಿಲ್ಲ. ತನ್ನ ಜಿಲ್ಲೆಯಲ್ಲಿ ಸ್ಥಿರವಾದ ಶಾಲೆಗಳಿಲ್ಲ, ವಿದ್ಯಾಭ್ಯಾಸವು ಮನೆಗಳಲ್ಲಿ ಖಾಸಗಿಯಾಗಿ ನಡೆಯುತ್ತಿದೆ ಎಂಬುದು ಅವನ ಉತ್ತರದ ತಾತ್ಪರ್ಯವು. ಅವನು ಕಾಣದೆ ಹೋದುದು ಐಗಳ ಮಠವನ್ನು. ಜಗಲಿಯ ಮೇಲೆ ಮರಳನ್ನು ಹರಡಿ, ಬೆರಳಿನಿಂದ ಅಕ್ಷರವನ್ನು ತಿದ್ದಿಸಿ, ಕಾಗುಣಿತ ಮಗ್ಗಿಗಳನ್ನು ಬಾಯಿಪಾಠ ಮಾಡಿಸುವ ಐಗಳಿಗೆ ನಿಶ್ಚಿತ ಸಂಬಳವಿರಲಿಲ್ಲ. ನವರಾತ್ರಿಯ ದಿನಗಳಲ್ಲಿ ಅವರು ಮಕ್ಕಳ ಕೈಗೆ ಹೂವಿನ ಕೋಲುಗಳನ್ನು ಕೊಟ್ಟು ಮನೆಮನೆಗೆ ಕರೆದೊಯ್ಯುವರು. ಮಕ್ಕಳು ಎದುರುಬದುರಾಗಿ ಕುಳಿತು, ಭಾಗವತರ ಪದಕ್ಕೆ ಸರಿಯಾಗಿ ಯಕ್ಷಗಾನದ ಅರ್ಥವನ್ನು ಹೇಳಿ, ಮನೆಯವರನ್ನು ಹರಸಿ, ಅಕ್ಕಿಕಾಯಿ ಕಾಣಿಕೆಗಳನ್ನು ತರುವರು. ಅದೇ ಐಗಳ ವಾರ್ಷಿಕ ಪ್ರತಿಫಲವು. ಅದೇ ಮಕ್ಕಳ ವಾರ್ಷಿಕ ಪ್ರದರ್ಶನವು. ಕರಾವಳಿಯ ಶಾಲೆಯು ವರ್ಷಕ್ಕೊಮ್ಮೆ ಊರಿನ ಮುಂದೆ ಬಂದು ನಿಲ್ಲುವ ಸಂಪ್ರದಾಯವು ಹೂವಿನ ಕೋಲಿನಷ್ಟು ಹಳೆಯದೆಂದು ಇದರಿಂದ ತಿಳಿಯುವುದು. ಮುಂದೆ ಬಂದ ಮಿಶನ್ ಶಾಲೆಗಳು ಈ ಬಯಕೆಯನ್ನು ಹೊಸದಾಗಿ ಹುಟ್ಟಿಸಬೇಕಾಗಿರಲಿಲ್ಲ; ಜನರಲ್ಲಿ ಅದು ಮೊದಲೇ ಇದ್ದಿತು.

ಹೊಸ ತರಹದ ಶಾಲೆಯ ಮಾದರಿಯನ್ನು ಜಿಲ್ಲೆಗೆ ತಂದವರಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಪ್ರಾಟೆಸ್ಟಂಟರು ಮುಖ್ಯರು. 1854ರ ವಿದ್ಯಾಭ್ಯಾಸದ ಆಜ್ಞಾಪತ್ರವು ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನವನ್ನು ಕೊಡಬಹುದೆಂಬ ನಿಯಮವನ್ನು ಸ್ಥಾಪಿಸಿದ ಮೇಲೆ ಕಥೊಲಿಕರಿಗೂ ಮಾರ್ಗವು ತೆರೆಯಿತು. 1870ರಲ್ಲಿ ಅಪೊಸ್ತಲಿಕ ಕಾರ್ಮೆಲಿನ ಧರ್ಮಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಯಿಕ್ಕಿದರು. 1878ರ ಕೊನೆಯ ದಿನ ಇಟಲಿಯಿಂದ ಬಂದಿಳಿದ ಯೇಸುಸಭೆಯ ಗುರುಗಳು 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. 1887ರಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್ ಭಗಿನಿಯರ ಸಂಸ್ಥೆಯೂ, 1921ರಲ್ಲಿ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸರಿಂದ ಬೆಥನಿ ಸಂಸ್ಥೆಯೂ ಮಂಗಳೂರಿನಲ್ಲಿ ಹುಟ್ಟಿದುವು. ಪಟ್ಟಣದಲ್ಲಿ ಕಲಿತ ತರುಣರು ಹಳ್ಳಿಯ ಇಗರ್ಜಿಗಳಿಗೆ ಉಪಾಧ್ಯಾಯರಾಗಿ ಬಂದರು. ಇಗರ್ಜಿಯ ಪಕ್ಕದಲ್ಲಿ ಮುಳಿಹುಲ್ಲಿನ ಮಾಡೊಂದು ಎದ್ದಿತು. ಕಾಲಕ್ರಮದಲ್ಲಿ ಹುಲ್ಲು ಹೋಗಿ ಮಂಗಳೂರು ಹೆಂಚು ಬಂದಿತು. ವಿಗಾರರು ಸಂಚಾಲಕರಾದರು, ಗುರಿಕಾರರು ಮರಮಟ್ಟನ್ನೂ ಆಳುಕೂಲಿಯನ್ನೂ ಒದಗಿಸಿದರು.

ಅಂದಿನ ದಿನಗಳಲ್ಲಿ ವರ್ಷಾಂತ್ಯವೆಂದರೆ ಹಬ್ಬವಲ್ಲ, ಭಯವು. ಮದರಾಸು ಪ್ರಾಂತದಲ್ಲಿ ಆಗ ಫಲಾನುಸಾರ ಸಹಾಯಧನದ ಪದ್ಧತಿ ಜಾರಿಯಲ್ಲಿದ್ದಿತು. ಇನ್ಸ್ಪೆಕ್ಟರರು ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸುವರು. ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದ ತಲೆಗಳನ್ನು ಎಣಿಸಿ ಹಣವನ್ನು ಮಂಜೂರು ಮಾಡುವರು. ಹಾಗಿರುವಲ್ಲಿ ಒಂದು ಮಗುವಿಗೆ ಆ ದಿನ ಜ್ವರ ಬಂದರೆ ಉಪಾಧ್ಯಾಯರ ಒಲೆಗೆ ನೀರು ಬಿದ್ದಂತೆಯೇ. ನಾಟಿ ಕೊಯ್ಲುಗಳ ಕಾಲದಲ್ಲಿ ಮಕ್ಕಳನ್ನು ಗದ್ದೆಯಿಂದ ಬಿಡಿಸಿ ತರಬೇಕಾದ ಉಪಾಧ್ಯಾಯರ ಪಾಡು ಏನಾಗಿದ್ದಿರಬಹುದೆಂಬುದನ್ನು ಊಹಿಸಬಹುದು. ಕಲಿಕೆಯನ್ನು ಕಂಠಪಾಠಕ್ಕೆ ಇಳಿಸುವ ಈ ಪದ್ಧತಿಯನ್ನು 1904ರ ಭಾರತ ಸರಕಾರದ ವಿದ್ಯಾಭ್ಯಾಸ ನಿರ್ಣಯವು ಖಂಡಿಸಿತು. ಆ ಬಳಿಕ ಅದು ನಿಂತುಹೋಯಿತು. 1920ರ ಮದರಾಸು ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಶಾಲೆಗಳಿಗೆ ಇನ್ನಷ್ಟು ಸ್ಥಿರವಾದ ತಳಹದಿಯನ್ನು ಹಾಕಿತು. ಪರೀಕ್ಷಕನ ಅಂಜಿಕೆಯು ಸಡಿಲವಾದಂತೆ ವರ್ಷದ ಮುಕ್ತಾಯವು ಊರಿನ ಸಂತೋಷವಾಗುವುದಕ್ಕೆ ಅವಕಾಶವಾಯಿತು.

ಈ ಶಾಲೆಗಳು ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ಸಾಹಿತ್ಯಚರಿತ್ರೆಯಲ್ಲಿ ಯಾರೂ ವಿಶೇಷವಾಗಿ ಎತ್ತಿ ಹೇಳಿದಂತಿಲ್ಲ. ಮನೆಮಾತು ಕೊಂಕಣಿಯಾದ ಮಕ್ಕಳಿಗೆ ಇಗರ್ಜಿಯ ಶಾಲೆಯು ಕನ್ನಡ ಲಿಪಿಯನ್ನು ಕಲಿಸಿತು. ಅದರ ಫಲವು ಎರಡು ಬಗೆಯದು. ಮೊದಲನೆಯದು, ಆ ಮಕ್ಕಳು ಕನ್ನಡದ ಓದುಗರಾದರು. ಶಾಲಾ ಇನ್ಸ್ಪೆಕ್ಟರರೂ ಆಗಿದ್ದ ಪಂಜೆ ಮಂಗೇಶರಾಯರು ಎಳೆಯರಿಗಾಗಿ ರಚಿಸಿದ ಗೀತಗಳು ಮತಭೇದವಿಲ್ಲದೆ ಎಲ್ಲರ ನಾಲಗೆಯ ಮೇಲೆ ಕುಣಿದುವು. ಎರಡನೆಯದು ಇನ್ನೂ ವಿಚಿತ್ರವಾದುದು: ಕರಾವಳಿಯ ಕೊಂಕಣಿಗೆ ಕನ್ನಡ ಲಿಪಿಯೇ ಅಚ್ಚಿನ ಉಡುಪಾಯಿತು. 1912ರಲ್ಲಿ ಲೂವಿಸ್ ಮಸ್ಕರೇನ್ಹಸರು ಹೊರಡಿಸಿದ 'ಕೊಂಕ್ಣಿ ದಿರ್ವೆಂ' ಪತ್ರಿಕೆಯೂ, 1938ರಲ್ಲಿ ಆರಂಭವಾದ 'ರಾಕ್ಣೊ' ವಾರಪತ್ರಿಕೆಯೂ ಹಳ್ಳಿಯ ಮನೆಗಳಲ್ಲಿ ಓದಲ್ಪಟ್ಟುದಕ್ಕೆ ಕಾರಣವೇನು? ಆ ಮನೆಯ ತಾಯಿಯೋ ಮಗಳೋ ಇಗರ್ಜಿಯ ಶಾಲೆಯಲ್ಲಿ ನಾಲ್ಕು ವರ್ಷ ಕನ್ನಡ ಅಕ್ಷರವನ್ನು ತಿದ್ದಿದ್ದಳೆಂಬುದೇ. ಒಂದು ಭಾಷೆಯ ಶಾಲೆಯು ಇನ್ನೊಂದು ಭಾಷೆಗೆ ಓದುಗರನ್ನು ಕೊಟ್ಟಿತು. ಕ್ರಿಸ್ತನ ಕೊನೆಯ ದಿನವನ್ನು ಕುರಿತು ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಎಂಬ ಕಾವ್ಯವನ್ನು ರಚಿಸಿದಾಗ ಅದನ್ನು ಓದಿ ಸಂತೋಷಪಡಲು ಶಕ್ತರಾದ ಕ್ರೈಸ್ತ ಗೃಹಸ್ಥರು ಕನ್ನಡನಾಡಿನಲ್ಲಿ ಇದ್ದರೆಂದರೆ, ಅದರ ಶ್ರೇಯಸ್ಸಿನ ಒಂದು ಪಾಲು ಹೆಸರಿಲ್ಲದ ಪ್ರಾಥಮಿಕ ಶಾಲೋಪಾಧ್ಯಾಯರದು.

ಈ ಶಾಲೆಗಳ ವರ್ಷವು ಎರಡು ಪಂಚಾಂಗಗಳನ್ನು ಅನುಸರಿಸಿ ನಡೆಯುವಂಥದು. ಜೂನ್ ತಿಂಗಳ ಮಳೆಯಲ್ಲಿ ಬಾಗಿಲು ತೆರೆಯುವುದು. ಆಗಸ್ಟ್ ಕೊನೆಯಿಂದ ಒಂಬತ್ತು ದಿನ ಮಕ್ಕಳು ಬೇಲಿಬೇಲಿಯ ಹೂಗಳನ್ನು ಕುಕ್ಕೆಗಳಲ್ಲಿ ತಂದು ಕನ್ಯಾಮರಿಯಮ್ಮನವರ ಪ್ರತಿಮೆಗೆ ಅರ್ಪಿಸುವರು. ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ. ಇಗರ್ಜಿಯಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುವರು. ಅಂದಿನ ಊಟವು ಸಸ್ಯಾಹಾರದ್ದೇ. ಅದೇ ಋತುವಿನಲ್ಲಿ ಹಿಂದೂ ಮನೆಗಳಲ್ಲಿಯೂ ಕದಿರು ಕಟ್ಟುವರು, ಹೊಸಕ್ಕಿಯನ್ನು ಉಣ್ಣುವರು. ಒಂದೇ ಬೆಂಚಿನ ಇಬ್ಬರು ಮಕ್ಕಳು ತಮ್ಮ ತಮ್ಮ ಮನೆಯ ತೆನೆಯ ಕಥೆಯನ್ನು ಪರಸ್ಪರ ಹೇಳಿಕೊಳ್ಳುವಾಗ ಅವರಿಗೆ ಅದರಲ್ಲಿ ಅನ್ಯವೆಂಬುದು ಕಾಣದು. ದಸರೆಯ ರಜೆ, ದೀಪಾವಳಿ, ಅನಂತರ ಕ್ರಿಸ್ತಜಯಂತಿ. ಡಿಸೆಂಬರಿನ ಬಿಸಿಲು ಬರುವಾಗ ಮಟ್ಟುವಿನ ಗದ್ದೆಗಳಲ್ಲಿ ಭತ್ತವು ಮುಗಿದು ಗುಳ್ಳದ ಗಿಡಗಳು ತಲೆಯೆತ್ತಿರುವುವು. ಶಾಲೆಯ ಜಗಲಿಯಲ್ಲಿ ಹುಲ್ಲುಮಣ್ಣುಗಳಿಂದ ಗೋದಲಿಯು ಸಿದ್ಧವಾಗುವುದು. ಬಿದಿರುಕಡ್ಡಿಗೆ ಬಣ್ಣದ ಕಾಗದವನ್ನು ಅಂಟಿಸಿದ ನಕ್ಷತ್ರವು ತೂಗುವುದು. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿಗಳನ್ನು ಕೂಡಿಸಿದ 'ಕುಸ್ವಾರ್' ಎಂಬ ತಿಂಡಿಯ ತಟ್ಟೆಯು ಬೇಲಿಯನ್ನು ದಾಟಿ ನೆರೆಮನೆಗೆ ಹೋಗುವುದು. ಆ ನೆರೆಮನೆಯಿಂದ ಹಬ್ಬದ ದಿನ ತಟ್ಟೆಯು ಬರಿದಾಗಿ ಹಿಂದೆ ಬರುವುದಿಲ್ಲ.

ಈ ಕ್ರಿಸ್ತಜಯಂತಿಯ ಆಸುಪಾಸಿನಲ್ಲಿಯೋ ಹೊಸ ಇಂಗ್ಲಿಷ್ ವರ್ಷದ ಮೊದಲ ವಾರಗಳಲ್ಲಿಯೋ ಶಾಲೆಯ ವಾರ್ಷಿಕೋತ್ಸವವು. ಈ ಕಾಲವನ್ನು ಆರಿಸಿದುದು ಆಕಸ್ಮಿಕವಲ್ಲ. ಕೊಯ್ಲು ಮುಗಿದು ಅಂಗಳವು ಒಣಗಿರುವುದು, ಮಳೆಯ ಭಯವಿಲ್ಲ, ಮುಂಬಯಿಯಲ್ಲಿ ದುಡಿಯುವವರು ಹಬ್ಬಕ್ಕೆಂದು ಊರಿಗೆ ಬಂದಿರುವರು. ಕರಾವಳಿಯ ಸಾವಿರಾರು ಜನರು ಇಪ್ಪತ್ತನೆಯ ಶತಮಾನದ ಆದಿಭಾಗದಿಂದ ಮುಂಬಯಿಗೂ, 1970ರ ಬಳಿಕ ಕೊಲ್ಲಿ ರಾಷ್ಟ್ರಗಳಿಗೂ ಉದ್ಯೋಗಾರ್ಥವಾಗಿ ಹೋದರು. ಶಾಲೆಯ ಎಷ್ಟೋ ಕೊಠಡಿಗಳು, ಬಾವಿಗಳು, ರಂಗಮಂಟಪಗಳು ಅವರ ಬೆವರಿನಿಂದ ಎದ್ದಂಥವು. ಅವರಲ್ಲಿ ಕ್ರೈಸ್ತರು ಎಷ್ಟೋ, ಬಂಟರು, ಬಿಲ್ಲವರು, ಮೊಗವೀರರು, ಮುಸಲ್ಮಾನರೂ ಅಷ್ಟೇ. ತಾವು ಕಲಿತ ಶಾಲೆಯೆಂಬುದೊಂದೇ ಅವರ ಕೈಯನ್ನು ಹಿಡಿದೆಳೆದುದು.

ಉತ್ಸವದ ಕ್ರಮವನ್ನು ಸ್ವಲ್ಪ ವಿವರಿಸುವುದು ಉಚಿತ. ಬೆಳಿಗ್ಗೆ ಧ್ವಜಾರೋಹಣ, ಮಧ್ಯಾಹ್ನ ಓಟ, ಚೀಲದ ಜಿಗಿತ, ಹಗ್ಗಜಗ್ಗಾಟಗಳ ಉಳಿಕೆ ಪಂದ್ಯಗಳು. ಸಂಜೆಗೆ ತೆಂಗಿನ ಮಡಲಿನ ಚಪ್ಪರದಡಿಯಲ್ಲಿ ಸಭೆ. ವಿದ್ಯುದ್ದೀಪವು ಬರುವುದಕ್ಕೆ ಮುಂಚೆ ನಾಲ್ಕು ಗ್ಯಾಸುದೀಪಗಳು ಚಪ್ಪರದ ಕಂಬಗಳಿಗೆ ತೂಗುತ್ತಿದ್ದುವು. ಉಪಾಧ್ಯಾಯರ ಮನೆಯ ಸೀರೆಗಳೇ ರಂಗದ ಪರದೆಗಳಾಗಿದ್ದುವು. ಊರವರು ಚಾಪೆಗಳನ್ನು ತಂದು ಹಾಸಿ ಕುಳಿತುಕೊಳ್ಳುವರು; ಚರುಮುರಿ, ನೆಲಗಡಲೆಯವರು ಅಂಗಳದ ಅಂಚಿನಲ್ಲಿ ದೀಪ ಹಚ್ಚಿ ಕೂರುವರು. ಮುಖ್ಯೋಪಾಧ್ಯಾಯರು ಎದ್ದು ವರದಿಯನ್ನು ಓದುವರು. ಆ ವರದಿಯೂ ಒಂದು ಸಾಹಿತ್ಯಪ್ರಕಾರವೇ ಸರಿ. ದಾಖಲಾದ ಗಂಡು ಹೆಣ್ಣುಮಕ್ಕಳ ಸಂಖ್ಯೆ, ಹಾಜರಿಯ ಸರಾಸರಿ, ಪರೀಕ್ಷೆಯ ಫಲ, ಅಧಿಕಾರಿಗಳ ಭೇಟಿ, ನಿವೃತ್ತರಾದವರ ಸ್ಮರಣೆ, ಅಗಲಿದವರಿಗೆ ಸಂತಾಪ, ಬಾವಿಯ ಹಗ್ಗವನ್ನು ಕೊಟ್ಟವರಿಂದ ಹಿಡಿದು ಮಾಡಿನ ಹೆಂಚನ್ನು ಕೊಟ್ಟವರವರೆಗೆ ಊರ ಹತ್ತು ಸಮಸ್ತರಿಗೆ ಕೃತಜ್ಞತೆ. ಕೇಳುವವರು ತಮ್ಮ ಮನೆಯ ಹೆಸರು ಬರುವವರೆಗೆ ಮೌನವಾಗಿರುವರು. ಅನಂತರ ಬಹುಮಾನ: ಒಂದು ಉಕ್ಕಿನ ಲೋಟ, ಒಂದು ಬಟ್ಟಲು, ಒಂದು ಪುಸ್ತಕ. ಬೀಡಿ ಕಟ್ಟುವ ತಾಯಿಯೂ, ಮಲ್ಲಿಗೆ ಕಟ್ಟುವ ತಾಯಿಯೂ ಮಗುವಿನ ಹೆಸರನ್ನು ಧ್ವನಿವರ್ಧಕದಲ್ಲಿ ಕೇಳುವ ಆ ಕ್ಷಣಕ್ಕೆ ವರ್ಷವಿಡೀ ಕಾದಿರುವರು. 800 ಹೂವುಗಳಿಗೊಂದು ಚೆಂಡು, 4 ಚೆಂಡುಗಳಿಗೊಂದು ಅಟ್ಟೆ ಎಂಬ ಲೆಕ್ಕವನ್ನು ಮಗ್ಗಿಗೆ ಮುಂಚೆಯೇ ಕಲಿತ ಶಂಕರಪುರದ ಕಡೆಯ ಮಕ್ಕಳು ಗಣಿತದ ಬಹುಮಾನವನ್ನು ಪಡೆದರೆ ಆಶ್ಚರ್ಯವೇನು?

ಬಹುಮಾನದ ಮೇಲೆ ಆಟ. ದೇವದೂತನ ವೇಷದಲ್ಲಿ ಬಿಲ್ಲವರ ಹುಡುಗಿ, ಕುರುಬನ ವೇಷದಲ್ಲಿ ಬ್ಯಾರಿ ಹುಡುಗ, ಶ್ರೀಕೃಷ್ಣನ ವೇಷದಲ್ಲಿ ಕಥೊಲಿಕ ಮನೆಯ ಕೂಸು: ಇಂಥ ನೋಟವನ್ನು ಯಾರೂ ಉದ್ದೇಶಿಸಿ ರಚಿಸುವುದಿಲ್ಲ; ಇರುವ ಮಕ್ಕಳಿಗೆ ಇರುವ ವೇಷವನ್ನು ಹಂಚಿದಾಗ ಅದು ತಾನಾಗಿ ಆಗುವುದು. ಕೊಂಕಣಿಯ ಹಾಡು, ತುಳುವಿನ ಪ್ರಹಸನ, ಕನ್ನಡದ ನಾಟಕ, ಕೊನೆಗೆ ಹಳೆ ವಿದ್ಯಾರ್ಥಿಗಳ ಯಕ್ಷಗಾನ. ಇಗರ್ಜಿಯ ಅಂಗಳದಲ್ಲಿ ಚೆಂಡೆಯು ಬೆಳಗಿನ ಜಾವದವರೆಗೆ ಮೊಳಗುವುದು. ವಿಗಾರರು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿರುವರು.

ಈ ಚಿತ್ರಕ್ಕೆ ನೆರಳೂ ಉಂಟೆಂಬುದನ್ನು ಮರೆಮಾಚುವುದು ಚರಿತ್ರಕಾರನ ಧರ್ಮವಲ್ಲ. ಮಿಶನ್ ಶಾಲೆಗೆ ಮಗುವನ್ನು ಕಳುಹಿದರೆ ಮತಾಂತರವಾದೀತೆಂಬ ಶಂಕೆಯು ಆದಿಯಲ್ಲಿ ಬಲವಾಗಿದ್ದಿತು. ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ, ಇತರರಿಗೆ ನೀತಿಪಾಠ ಎಂಬ ವಿಭಾಗವು ಕ್ರಮೇಣ ರೂಢಿಗೆ ಬಂದಿತು. ಸಹಾಯಧನ ಪಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ ಅದರ ಪೋಷಕರ ಒಪ್ಪಿಗೆಯಿಲ್ಲದೆ ಮತಬೋಧೆಗೆ ಗುರಿಮಾಡಬಾರದೆಂದು 1950ರ ಭಾರತ ಸಂವಿಧಾನದ 28ನೆಯ ವಿಧಿಯು ನಿಯಮಿಸಿತು. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ತಾವೇ ನಡೆಸಬಹುದೆಂದು 30ನೆಯ ವಿಧಿಯು ಅಭಯವನ್ನಿತ್ತಿತು. ಅಸ್ಪೃಶ್ಯತೆಯ ಪಿಡುಗು ಶಾಲೆಯ ಬಾಗಿಲಿನಲ್ಲಿ ತಾನಾಗಿ ನಿಂತುಬಿಡಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಯನ್ನೇ ತೆರೆಯಬೇಕಾಗಿ ಬಂದುದು ಇಡೀ ಜಿಲ್ಲೆಯ ಅಂದಿನ ಮನಸ್ಸಿಗೆ ಸಾಕ್ಷಿಯು. ಉಪಾಧ್ಯಾಯರ ಬೆತ್ತವೂ ಎಲ್ಲರ ನೆನಪಿನಲ್ಲಿ ಮಧುರವಾಗಿಲ್ಲ.

1956ರ ನವೆಂಬರ್ 1ರಂದು ಜಿಲ್ಲೆಯು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. 1997ರಲ್ಲಿ ಉಡುಪಿಯು ಬೇರೆ ಜಿಲ್ಲೆಯಾಯಿತು. 2012ರಲ್ಲಿ ಕಲ್ಯಾಣಪುರವನ್ನು ಪೀಠವನ್ನಾಗಿ ಮಾಡಿಕೊಂಡು ಉಡುಪಿ ಧರ್ಮಪ್ರಾಂತವೂ ಸ್ಥಾಪಿತವಾಯಿತು. ಈ ಬದಲಾವಣೆಗಳಾವುವೂ ಹಳ್ಳಿಯ ಶಾಲೆಯನ್ನು ಅಲ್ಲಾಡಿಸಲಿಲ್ಲ. ಅದನ್ನು ಅಲ್ಲಾಡಿಸಿದುದು ಬೇರೆ. ಹಳದಿ ಬಣ್ಣದ ವಾಹನವು ಮನೆಯ ಬಾಗಿಲಿಗೆ ಬಂದು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಕರೆದೊಯ್ಯುವ ಕಾಲವು ಬಂದಿತು. ಆ ಶಾಲೆಗಳಲ್ಲಿ ಕೆಲವನ್ನು ಇಗರ್ಜಿಗಳೇ ತೆರೆದುವೆಂಬುದೂ ಸತ್ಯವು. ಜನರ ಅಪೇಕ್ಷೆಯನ್ನು ಅವು ತಿರಸ್ಕರಿಸುವಂತಿರಲಿಲ್ಲ. ಕುಟುಂಬಗಳಲ್ಲಿ ಮಕ್ಕಳ ಸಂಖ್ಯೆಯೂ ಇಳಿಯಿತು. ಅನುದಾನಿತ ಕನ್ನಡ ಶಾಲೆಯಲ್ಲಿ ಉಪಾಧ್ಯಾಯರು ನಿವೃತ್ತರಾದರೆ ಆ ಸ್ಥಾನವು ಬಹುಕಾಲ ಬರಿದಾಗಿಯೇ ಉಳಿಯುವುದು. ಆಡಳಿತವು ತನ್ನ ಕೈಯಿಂದ ಅಲ್ಪ ವೇತನವನ್ನಿತ್ತು ಗೌರವ ಶಿಕ್ಷಕಿಯೊಬ್ಬರನ್ನು ನಿಲ್ಲಿಸುವುದು. 2002ರಲ್ಲಿ ರಾಜ್ಯದಲ್ಲಿ ಆರಂಭವಾಗಿ ಕೆಲವು ವರ್ಷಗಳಲ್ಲಿ ಅನುದಾನಿತ ಶಾಲೆಗಳಿಗೂ ಬಂದ ಮಧ್ಯಾಹ್ನದೂಟವು ಹೊಟ್ಟೆಯನ್ನು ತುಂಬಿತು; ಬೆಂಚನ್ನು ತುಂಬಲಾರದೆ ಹೋಯಿತು. ನೂರು ವರ್ಷದ ಉತ್ಸವವನ್ನು ಸಂಭ್ರಮದಿಂದ ಆಚರಿಸಿಕೊಂಡ ಶಾಲೆಯೂ ಕೆಲವೇ ವರ್ಷಗಳಲ್ಲಿ ಮಕ್ಕಳಿಲ್ಲದೆ ಕಂಗಾಲಾಗುವಂತಾಯಿತು.

ಇಂಗ್ಲಿಷನ್ನು ಕಲಿಸಬಯಸುವ ತಂದೆತಾಯಿಗಳನ್ನು ದೂಷಿಸುವುದು ನ್ಯಾಯವಲ್ಲ. ನೂರು ವರ್ಷಗಳ ಹಿಂದೆ ಕೊಂಕಣಿಯ ಮಗುವನ್ನು ಕನ್ನಡ ಶಾಲೆಗೆ ಕಳುಹಿದವರೂ ಮುಂದಿನ ಅನ್ನವನ್ನು ನೋಡಿಯೇ ಕಳುಹಿದರು. ಆದರೆ ವ್ಯತ್ಯಾಸವೊಂದುಂಟು. ಆ ಶಾಲೆಯು ಹೊಲದಾಚೆಯದಾಗಿತ್ತು. ಧನಿಗಳ ಮಗನೂ ಒಕ್ಕಲಿನ ಮಗಳೂ ಅಲ್ಲಿಗೆ ನಡೆದುಹೋಗುತ್ತಿದ್ದರು. ಶುಲ್ಕಕ್ಕೆ ತಕ್ಕಂತೆ ಮಕ್ಕಳು ಬೇರೆಬೇರೆ ವಾಹನಗಳನ್ನು ಹತ್ತಿ ಬೇರೆಬೇರೆ ದಿಕ್ಕುಗಳಿಗೆ ಹೋದ ಮೇಲೆ, ಒಂದು ಊರಿನ ಮಕ್ಕಳೆಲ್ಲರನ್ನೂ ಒಂದೇ ಚಪ್ಪರದಡಿಯಲ್ಲಿ ನೋಡುವ ರಾತ್ರಿಯು ಆ ಊರಿಗೆ ಮತ್ತೆ ದೊರೆಯದು. ಶಾಲೆಯು ಮುಚ್ಚಿದರೆ ನಷ್ಟವಾಗುವುದು ಇದೇ.

ಅನೇಕ ಊರುಗಳಲ್ಲಿ ಹಳೆ ವಿದ್ಯಾರ್ಥಿ ಸಂಘಗಳು ಈ ನಷ್ಟವನ್ನು ತಡೆಯಲು ಶ್ರಮಿಸುತ್ತಿವೆ. ವಾಹನವನ್ನು ಕೊಳ್ಳುತ್ತಿವೆ, ಶಿಕ್ಷಕಿಯ ವೇತನವನ್ನು ಭರಿಸುತ್ತಿವೆ. ಎಲ್ಲಿ ಗೆಲ್ಲುವರೋ ಎಲ್ಲಿ ಸೋಲುವರೋ ಕಾಲವೇ ಹೇಳಬೇಕು. ಆದರೆ ಸೋಲಿನ ಕಾಲದಲ್ಲಿಯೂ ಮಾಡಬಹುದಾದ ಕಾರ್ಯವೊಂದಿದೆ. ಶಾಲೆಯ ದಾಖಲಾತಿ ಪುಸ್ತಕವು ಎಷ್ಟೋ ಮನೆತನಗಳಿಗೆ ಅವರ ಅಜ್ಜ ಅಜ್ಜಿಯರ ಹೆಸರು ಮೊದಲಬಾರಿಗೆ ಅಕ್ಷರದಲ್ಲಿ ಬರೆಯಲ್ಪಟ್ಟ ಸ್ಥಳವು. ಭೇಟಿಯ ಪುಸ್ತಕದಲ್ಲಿ ಇನ್ಸ್ಪೆಕ್ಟರರ ಕೈಬರಹವಿದೆ. ಕಪಾಟಿನ ಮೂಲೆಯಲ್ಲಿ ಐವತ್ತು ಅರುವತ್ತು ವರ್ಷಗಳ ವಾರ್ಷಿಕ ವರದಿಗಳಿವೆ. ಗೋಡೆಯ ಮೇಲೆ ಗೆದ್ದಲು ತಿನ್ನುತ್ತಿರುವ ಛಾಯಾಚಿತ್ರಗಳಿವೆ. ಶಾಲೆಯು ಮುಚ್ಚಿದಾಗ ಸರಕಾರಕ್ಕೆ ಬೇಕಾದ ಪುಸ್ತಕಗಳು ಸರಕಾರದ ಕೈ ಸೇರುವುವು. ಉಳಿದವು ಒಲೆಯನ್ನೋ ರದ್ದಿಯಂಗಡಿಯನ್ನೋ ಸೇರುವುವು. ರಾಜರ ಶಾಸನಗಳನ್ನು ಹುಡುಕಿ ಓದುವ ವಿದ್ವಾಂಸರು ಈ ವರದಿಗಳ ಕಡೆಗೂ ಕಣ್ಣು ಹಾಯಿಸಬೇಕು. ಮನೆಗಳಲ್ಲಿ ಅಂಥ ಪ್ರತಿಯೊಂದಿದ್ದರೆ ಗೃಹಸ್ಥರು ಅದನ್ನು ಜೋಪಾನ ಮಾಡಬೇಕು. ಬಾವಿಗೆ ಹಗ್ಗ ಕೊಟ್ಟವನ ಹೆಸರು ಇನ್ನೆಲ್ಲಿಯೂ ಬರೆದಿಟ್ಟಿಲ್ಲ.